ಗೊಂಬೆಗಳ ಊರು ಕೇಳಿದ ಪೇಂಟರ್ ಚಾಚಾ

ಪೇಂಟರ್ ಚಾಚಾ ಚಹಾ ಕುಡಿಯುವಾಗ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಹಿಡಿಯದಿದ್ದರೆ ಅರ್ಧ ಚಹಾ ಅಂಗಿಯ ಮೇಲೆ. ಆ ಅಂಗಿಯೋ, ಮೂಲ ಬಣ್ಣ ಯಾವುದೆಂದು ಹೇಳಲಾಗದಷ್ಟು ಕಲೆಗಳಿಂದ ತುಂಬಿತ್ತು. “ಚಹಾ ಚೆಲ್ಲಿದ್ದು ನಮ್ಮ ಮನ್ಯಾಕಿಗೆ ಗೊತ್ತೇ ಆಗಂಗಿಲ್ಲ ನೋಡ್ರಿ” ಎಂದು ನಗುತ್ತಿದ್ದರು.

ಅವರ ಊರು ಸುರಪುರ, ಅಂಗಡಿ ಶಹಾಪುರದ ನಮ್ಮ ಓಣಿಯ ಕೊನೆಯಲ್ಲಿ. ಬೆರಳುದ್ದದ ಚಿತ್ರ ಬರೆಯುವುದನ್ನು ಅಜ್ಜನಿಂದ ಕಲಿತು, ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆದವರು. ಫ್ಲೆಕ್ಸ್ ಬಂತು, ಹಿಂದೆಯೇ ಕೈ ನಡುಗತೊಡಗಿತು. ಟ್ರ್ಯಾಕ್ಟರುಗಳಿಗೆ ನಂಬರ್ ಬರೆಯುವುದಷ್ಟೇ ಉಳಿದಿತ್ತು, ಅದೂ ತಗಡಿನ ಅಚ್ಚು ಇಟ್ಟುಕೊಂಡು.

ನಾನು ದೋರನಹಳ್ಳಿಯ ಶಾಲೆಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ದಸರಾ ರಜೆಗೆ ನನ್ನ ತಮ್ಮ ಹೈದರಾಬಾದಿನಿಂದ ಒಂದು ಆಟ ತಂದುಕೊಟ್ಟ. ಒಬ್ಬರು ಯೋಧ, ಒಬ್ಬರು ಕಳ್ಳಿ, ಒಬ್ಬರು ಮಾಂತ್ರಿಕ, ಹೀಗೆ ಮನೆಯವರೆಲ್ಲ ಒಂದೊಂದು ಪಾತ್ರವಾಗಬೇಕು. ಕಥೆ ನಡೆಸುವವರು ಒಬ್ಬರು, “ಈಗೇನು ಮಾಡುತ್ತೀರಿ?” ಎಂದು ಅವರು ಕೇಳಿದಾಗ ಉಳಿದವರು ಹೇಳಬೇಕು, ಇಪ್ಪತ್ತು ಮುಖದ ದಾಳ ಉರುಳಿಸಿ ಅದು ಆಯಿತೋ ಇಲ್ಲವೋ ನೋಡಬೇಕು. ಕಥೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ನನಗೂ ಅದು ಬೇಕಾಗಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಮಾತು ಬಿಟ್ಟಂತೆ ಇದ್ದರು. ಗಂಡ ಮೊಬೈಲಿನೊಳಗೆ, ಇಬ್ಬರು ಹೆಣ್ಣುಮಕ್ಕಳು ಟಿವಿಯ ಮುಂದೆ. ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕೆಂಬುದು ನನ್ನ ಹಟ.

ಡಬ್ಬಿಯಲ್ಲಿದ್ದ ಹೆಬ್ಬೆರಳುದ್ದದ ಗೊಂಬೆಗಳಿಗೆ ಬಣ್ಣವಿರಲಿಲ್ಲ, ಬರೀ ಬೂದಿ ಪ್ಲಾಸ್ಟಿಕ್ಕು. ಚಾಚಾನ ಅಂಗಡಿಗೆ ಒಯ್ದೆ. ಅವರು ಒಂದನ್ನು ಬೆಳಕಿಗೆ ಹಿಡಿದು ಕೇಳಿದರು:

“ಅಕ್ಕೋರೇ, ಇಂವ ಯಾರ?”

“ಯೋಧ, ಚಾಚಾ.”

“ಅದು ಕಾಣ್ತದ. ಯಾವೂರಾಂವ? ಯಾಕ ಬಡಿದಾಡ್ತಾನ? ಯಾವುದಕ್ಕ ಅಂಜ್ತಾನ? ಗೊತ್ತಿಲ್ಲದ ಮನಷ್ಯಾಗ ಅಂಗಿ ಬಣ್ಣ ಹ್ಯಾಂಗ ಆರಿಸ್ಬೇಕ್ರಿ?”

ಮನೆಗೆ ಬಂದು ಯೋಚಿಸಿ ಬರೆದುಕೊಂಡೆ, ಮರುದಿನ ಒಪ್ಪಿಸಿದೆ. ಅಲ್ಲಿಂದ ಮುಂದೆ ದಿನವೂ ಇದೇ ಪಾಠ. ಕಳ್ಳಿ ನಾಯಿಗೆ ಅಂಜುತ್ತಾಳೆ ಎಂದೆ. ಅವಳ ಲಂಗದ ಅಂಚಿನಲ್ಲಿ ಸಾಸಿವೆಯಷ್ಟು ಕಂದು ತೇಪೆ ಹಾಕಿಸಿದರು. “ಒಮ್ಮಿ ಕಡದದ. ಅದಕ್ಕ ಅಂಜ್ತಾಳ.”

ಬಣ್ಣ ಹಚ್ಚುವವಳು ನಾನೇ. “ಕೈ ನಿಮ್ಮದು, ನೋಡಾಂವ ನಾನು” ಎಂದು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಬಣ್ಣ ನೀರಾಗಿರಬೇಕು, ನೆರಳು ಮೊದಲು, ಬೆಳಕು ಕೊನೆಗೆ. ನಾನು ಅವಸರ ಮಾಡಿದರೆ, “ಉಸುರು ಬಿಡ್ರಿ. ಆಮ್ಯಾಲ ಬ್ರಶ್ ಇಡ್ರಿ” ಎನ್ನುತ್ತಿದ್ದರು. ಹತ್ತು ದಿನಗಳಲ್ಲಿ ಗೊಂಬೆಗಳ ಜೊತೆಗೆ ನನ್ನ ನೋಟ್‌ಬುಕ್ಕೂ ತುಂಬಿತು. ಆಟಕ್ಕೆ ಬೇಕಾದ ಕಥೆ ಇಡಿಯಾಗಿ ಅಲ್ಲಿತ್ತು.

ಕೊನೆಗೆ ಒಬ್ಬ ಮುದುಕಿ ಮಾಟಗಾತಿ ಉಳಿದಳು.

“ಇದು ನಿಮ್ಮ ಅತ್ತೀದೇನ್ರಿ?”

“ಅವರು ಆಡಂಗಿಲ್ಲ ಚಾಚಾ.”

“ಆಡ್ಲಿ ಬಿಡ್ಲಿ, ಅವರಿಗೊಂದು ಇರ್ಲಿ.”

ನನ್ನ ಕೈಯಿಂದ ಅದಕ್ಕೆ ಬಣ್ಣದಲ್ಲೇ ಇಳಕಲ್ ಸೀರೆ ಉಡಿಸಿದರು, ಕೆಂಪು ಸೆರಗಿನ ಸಮೇತ. ಕಣ್ಣು ಮಾತ್ರ ತಾವೇ ಬರೆಯುವುದಾಗಿ ಹಟ ಹಿಡಿದರು. ಮಣಿಕಟ್ಟು ಹಿಡಿದುಕೊಂಡು ಒಂದು ಕಣ್ಣು ಬರೆದರು, ಅಚ್ಚುಕಟ್ಟಾಗಿ ಬಂತು. ಎರಡನೆಯದಕ್ಕೆ ಕೈ ಜಾರಿತು. ಕಣ್ಣು ಹುಬ್ಬಿನವರೆಗೆ ಹರಡಿತು. ಚಾಚಾ ಗೊಂಬೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಒರೆಸಿಬಿಡಲೇ ಎಂದು ಕೇಳಲೂ ನನಗೆ ಧೈರ್ಯವಾಗಲಿಲ್ಲ. ಆಮೇಲೆ ಅವರ ಮೀಸೆ ಅಲುಗಿತು.

“ಅಕ್ಕೋರೇ, ಬರ್ಕೋರಿ. ಈ ದೊಡ್ಡ ಕಣ್ಣಾಗ ಈಕಿಗಿ ಮುಂದ ಆಗೂದು ಕಾಣ್ತದ.”

ಭಾನುವಾರ ಮಧ್ಯಾಹ್ನ ಚಾಪೆ ಹಾಸಿ ಗೊಂಬೆಗಳನ್ನು ಜೋಡಿಸಿದೆ. ಆಟ ಶುರುವಾಗಿ ಮಕ್ಕಳ ಗೊಂಬೆಗಳು ಒಂದು ಗುಹೆಯ ಬಾಗಿಲಿಗೆ ಬಂದಿದ್ದವು. ಮಂಚದ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ಮಾಟಗಾತಿಯನ್ನು ಎತ್ತಿಕೊಂಡರು.

“ಇಳಕಲ್ ಸೀರಿ ಉಟ್ಟಾಳಲ್ಲ! ಈಕಿ ಕಣ್ಣಿಗೇನಾಗ್ಯದ?”

ಚಾಚಾ ಹೇಳಿದ್ದನ್ನೇ ಹೇಳಿದೆ. ಅತ್ತೆ ಗೊಂಬೆಯನ್ನು ತಿರುಗಿಸಿ ನೋಡಿದರು, ನನ್ನ ಮುಖವನ್ನೂ ನೋಡಿದರು. ಆಮೇಲೆ ಮೊಮ್ಮಕ್ಕಳಿಗೆ ಕೂಗಿದರು: “ಆ ಗುಹಿ ಬಾಗ್ಲಾ ತೆಗೀಬ್ಯಾಡ್ರೇ! ಒಳಗ ರಾಕ್ಷಸ ಅದಾನ!”

ಇದ್ದ. ನಾನೇ ಎರಡು ದಿನ ಯೋಚಿಸಿ ಅಡಗಿಸಿಟ್ಟಿದ್ದೆ. ನನ್ನ ತಯಾರಿಯೆಲ್ಲ ಮಣ್ಣುಪಾಲಾಯಿತು. ಅಷ್ಟು ಖುಷಿ ನನಗೆ ಆ ವರ್ಷ ಬೇರೆ ಯಾವುದರಿಂದಲೂ ಆಗಿರಲಿಲ್ಲ. ಸಂಜೆಯವರೆಗೆ ಅತ್ತೆ ಚಾಪೆ ಬಿಟ್ಟೇಳಲಿಲ್ಲ. ಎದ್ದವರು ಹೇಳಿದ್ದು ಒಂದೇ ಮಾತು: “ಇದರ ಕಣ್ಣ ಬರದಾರಲ್ಲ, ಅವರನ್ನ ಮುಂದಿನ ವಾರ ಕರಿ.”

ಚಾಚಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ರಾಕ್ಷಸರಾಜನ ಪಾತ್ರ ಕೇಳಿ ಪಡೆದರು. ದಾಳ ಅವರ ಅಂಗೈಯಲ್ಲಿ ಗಡಗಡ ಅಲುಗುತ್ತಿತ್ತು. “ದಾಳ ಉಳ್ಳಸಾಕ ಇಂಥಾ ಕೈನೇ ಬೇಕ್ರಿ!” ಎಂದರು. ಆದರೂ ಅತ್ತೆಯ ಮಾಟಗಾತಿ ಅವರನ್ನು ಕೊಂದೇಬಿಟ್ಟಳು. ಚಾಚಾ ಎದೆ ಹಿಡಿದುಕೊಂಡು ಚಾಪೆಯ ಮೇಲೆ ಬಿದ್ದು, ಐದು ನಿಮಿಷ ಶಾಪ ಹಾಕುತ್ತ ಸತ್ತರು. ಮಕ್ಕಳು ನಕ್ಕು ನಕ್ಕು ಬಿಕ್ಕಳಿಸಿದರು.

ಕಳೆದ ಬೇಸಿಗೆಯಲ್ಲಿ ಸುರಪುರದ ಮನೆಯಲ್ಲಿ ಅವರು ನಿಜವಾಗಿಯೂ ತೀರಿಕೊಂಡರು. ಅತ್ತೆಯೂ ನಾನೂ ಹೋದೆವು. ಅವರ ಮಗಳು ನೀರು ತಂದುಕೊಟ್ಟು ಎದುರಿಗೆ ಕೂತಳು.

“ನಮ್ಮ ಅಬ್ಬಾ ನಿಮ್ಮ ಮನಿ ಆಟದ್ದ ಮಾತ ಹೇಳ್ತಿದ್ರು. ಮಾಟಗಾತಿನ್ನ ಸೋಲಿಸಿ ಅವರೇ ಗೆದ್ರಂತಲ್ರಿ?”

ನಾನು ಅತ್ತೆಯ ಮುಖ ನೋಡಿದೆ.

“ಹೌದವಾ, ಅವರೇ ಗೆದ್ದಾರ” ಎಂದರು ಅತ್ತೆ. “ನನ್ನ ಮ್ಯಾಲೇ ಗೆದ್ದಾರ.”

ಹುಡುಗಿ ಕಣ್ಣೊರೆಸಿಕೊಂಡಳು. “ಹ್ಯಾಂಗ ಗೆದ್ರು, ಹೇಳ್ರೆಲಾ.”

ಅತ್ತೆ ಸೆರಗು ಸರಿಮಾಡಿಕೊಂಡು, ಕಾಲು ಮಡಚಿ ಕೂತು, ಕಥೆ ಶುರು ಮಾಡಿದರು.