ಬಾರ್ಡರ್ ಸಾಲಿನ ಕಡಲೆ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಸಿಡ್ನಿಯಲ್ಲಿ ನಾನು ಕೆಲಸಕ್ಕಿದ್ದ ಕೃಷಿ ಕಾಲೇಜು ತನ್ನ ಪ್ರಯೋಗದ ಹೊಲವನ್ನು ಮನೆ ಕಟ್ಟುವವರಿಗೆ ಮಾರಿಬಿಟ್ಟಿತು. ಪಾಠ, ಸಂಶೋಧನೆ, ರೈತನ ಹೊಲ ಮೂರೂ ಒಂದೇ ಕೆಲಸ ಎಂದು ಧಾರವಾಡದ ಕಡೆ ಕಲಿತು ಬಂದವನು ನಾನು. ಹೊಲವಿಲ್ಲದ ಮೇಲೆ ಅದೆಂಥ ಕೃಷಿ ಕಾಲೇಜು? ಮೀಟಿಂಗಿನಲ್ಲಿ ಕೇಳಿಯೂ ಕೇಳಿದೆ. ಎಲ್ಲರೂ ತಲೆಯಾಡಿಸಿ ಕಾಫಿಗೆ ಎದ್ದು ಹೋದರು.

ಅಂಗಮಾರಿ ರೋಗಕ್ಕೆ ಬಗ್ಗದ ಒಂದು ಕಡಲೆ ತಳಿಯ ಹಿಂದೆ ನಾನು ವರ್ಷಗಟ್ಟಲೆ ಬಿದ್ದಿದ್ದೆ. ಉಳಿದ ಬೀಜ ಹಳೆಯದು, ಹಿಡಿಯಷ್ಟೂ ಇರಲಿಲ್ಲ. ಹೊಸ ಬೀಜ ಮಾಡಿಕೊಟ್ಟರೆ ತಮ್ಮಲ್ಲಿ ಬಿತ್ತುತ್ತೇವೆಂದು ದೂರದ ಒಂದು ಸಂಶೋಧನಾ ಕೇಂದ್ರದವರು ಒಪ್ಪಿದ್ದರು. ಆ ಹಳೆಯ ಬೀಜವೆಲ್ಲವನ್ನೂ ಸಿಡ್ನಿಯ ಎಪ್ಪಿಂಗ್‌ನ ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಕುಂಡಗಳಲ್ಲಿ ಬಿತ್ತಿದೆ. ಮೊಳೆತ ಕೆಲವೇ ಗಿಡಗಳನ್ನು ಬಿಸಿಲು ಸಿಗಲೆಂದು ಕಂಬಿಯ ಪಕ್ಕದಲ್ಲಿಟ್ಟೆ. ಹೋಲಿಸಿ ನೋಡಲು ಬಿತ್ತಿದ್ದ ಅಂಗಡಿಯ ಕಡಲೆ ನಡುವಿನ ಕುಂಡಗಳಲ್ಲಿತ್ತು.

ದೀಪಾವಳಿಗೆ ಧಾರವಾಡದ ಕಾಲೇಜಿನ ಹಳೆಯ ರೂಮ್‌ಮೇಟ್ ಮೆಲ್ಬರ್ನ್‌ನಿಂದ ಬಂದ. ಓದಿದ್ದು ಕೃಷಿ, ಮಾಡುತ್ತಿದ್ದದ್ದು ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ಅವನನ್ನು ಮನೆಯಲ್ಲಿ ಬಿಟ್ಟು ಹಾಲು ತರಲು ಹೋದೆ. ಬಂದು ನೋಡಿದರೆ ಬಾಲ್ಕನಿಯಲ್ಲಿ ಕೂತು ಹಸಿ ಕಡಲೆ ಸುಲಿದು ತಿನ್ನುತ್ತಿದ್ದಾನೆ.

ನನ್ನ ಮುಖ ನೋಡಿ, "ಹೆದರಬ್ಯಾಡೋ, ನಡುವಿನ ಗಿಡಕ್ಕ ಕೈ ಹಚ್ಚಿಲ್ಲ. ಬಾರ್ಡರ್ ಸಾಲಿಂದಷ್ಟ ತಿಂದೇನಿ," ಎಂದ.

ಧಾರವಾಡದ ಆ ಕಾಲೇಜಿನ ಹೊಲದಲ್ಲಿ ಅಂಚಿನ ಸಾಲಿನ ಫಸಲು ಪ್ರಯೋಗದ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾವು ಕಿತ್ತು ತಿಂದರೆ ಮೇಷ್ಟ್ರು ಕಂಡೂ ಕಾಣದಂತೆ ಹೋಗುತ್ತಿದ್ದರು. ಒಳಸಾಲು ಮುಟ್ಟಿದರೆ ಮಾತ್ರ ಗ್ರಹಚಾರ ಬಿಡಿಸುತ್ತಿದ್ದರು. ಆ ಶಿಸ್ತನ್ನು ಇವನು ಇಷ್ಟು ವರ್ಷದ ಮೇಲೂ ಬಿಟ್ಟಿರಲಿಲ್ಲ.

"ಕುಂಡದಾಗ ಎಲ್ಲೀ ಬಾರ್ಡರಲೇ, ಮಂಗ್ಯಾ! ಬೀಜಕ್ಕ ಇದ್ದದ್ದೇ ಅವು!" ಎಂದು ಕೂಗಿದೆ.

ಅವನು ಎದ್ದು ಒಂದೊಂದೇ ಗಿಡದ ಟೊಂಗೆ ಎತ್ತಿ ನೋಡಿದ. ಬಲಿತು ಬೀಜವಾಗಲು ಒಂದು ಕಾಯಿಯೂ ಉಳಿದಿರಲಿಲ್ಲ.

"ಮತ್ತ ಹೂ ಬಿಡತಾವಲ್ಲ?"

ಇಲ್ಲಿ ದೀಪಾವಳಿಯೆಂದರೆ ಬೇಸಿಗೆ ಹತ್ತಿರ ಬಂತೆಂದೇ ಅರ್ಥ. ಆ ಬಿಸಿಲಿಗೆ ಕಡಲೆಯ ಹೂ ನಿಲ್ಲುವುದಿಲ್ಲ. ಅವನಿಗೂ ಗೊತ್ತಿತ್ತು, ಅದೇ ಪಾಠವನ್ನು ನನ್ನ ಪಕ್ಕದಲ್ಲೇ ಕೂತು ಕೇಳಿದ್ದ.

ಅಂಗೈಯಲ್ಲಿ ಉಳಿದಿದ್ದ, ಬಿತ್ತಿದರೂ ಮೊಳೆಯದ ಎಳೆ ಕಾಳುಗಳನ್ನು ನನ್ನ ಮುಂದೆ ಹಿಡಿದ. ಅವನ ಕಣ್ಣು ತುಂಬಿತ್ತು. ಅಷ್ಟು ವರ್ಷ ನಾನು ಆ ತಳಿಯ ಎಲೆ ನೋಡಿದ್ದೆ, ಕಾಂಡ ನೋಡಿದ್ದೆ, ರುಚಿ ನೋಡಿರಲಿಲ್ಲ. ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿತ್ತು. ರೈತರಿಗೆಂದು ಮಾಡಿದ್ದನ್ನು ನಾವಿಬ್ಬರೇ ತಿಂದು ಮುಗಿಸಿದೆವು.