ಅಣ್ಣನಿಗೆ ಮುಟ್ಟದ ರಸೀದಿ

ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದೆ. ಹೈದರಾಬಾದಿನಲ್ಲಿ ಅದಕ್ಕೆ ಗೋಂಗೂರ ಅನ್ನುತ್ತಾರೆ. ಹೆಸರು ಬದಲಾದರೂ ಹುಳಿ ಅದೇ. ಆಗ ಕಲಬುರಗಿಯಿಂದ ಅಣ್ಣನ ಮಗಳು ಸುಧಾಳ ಫೋನು ಬಂತು.

"ಅತ್ತಿ, ಪಪ್ಪಾಗ ಲಕ್ವಾ ಹೊಡದೈತ್ರಿ. ಮಾತು ನಿಂತೈತಿ."

ಶಿವನೇ ಅಂದೆ. ಕೈಯಲ್ಲಿದ್ದ ಸೊಪ್ಪು ಬದಿಗಿಟ್ಟೆ.

ನಾನೂ ಅಣ್ಣನೂ ಫೋನಿನಲ್ಲಿ ಮಾತಾಡಿದರೆ ಜಗಳ. ಅವ್ವ ಹೋದಮೇಲೆ ಹಾಗಾಗಿದೆ. ಅದಕ್ಕೇ ಇಬ್ಬರೂ ಇಮೇಲಿಗೆ ಬಂದಿದ್ದೆವು. ಅದರಲ್ಲಿ ದನಿ ಏರುವುದಿಲ್ಲ ನೋಡಿ. ಈ ಸಲ ನಾಗರಪಂಚಮಿಗೆ ಮುಂಚೆ ಅವನ ಮೇಲ್ ಬಂತು: "ಹಬ್ಬಕ್ಕೆ ಕರೆಯಲು ಬರಬೇಕೆಂದಿದ್ದೇನೆ."

ನಮ್ಮ ಕಡೆ ಪಂಚಮಿಗೆ ಅಣ್ಣನೇ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಬಾ ಎಂದು ತಂಗಿ ತಾನಾಗಿ ಹೇಳುವುದುಂಟೆ? ಮೇಲ್ ಓದಿದರೆ ಕಳಿಸಿದವರಿಗೆ ಗೊತ್ತಾಗುತ್ತದೆಂದು ಎಲ್ಲೋ ಕೇಳಿದ್ದೆ. ಉತ್ತರ ಬರೆಯದೆ, ಅವನಿಗೆ ತಿಳಿಯಲೆಂದು ಮತ್ತೆ ಮತ್ತೆ ತೆರೆದೆ. ಒಮ್ಮೆ ಮೊಬೈಲನ್ನು ದೇವರ ಮುಂದಿಟ್ಟೂ ತೆರೆದೆ. ಬ್ಯಾಗು ತುಂಬಿಟ್ಟುಕೊಂಡು ಕಾದೆ. ಅವನು ಬರಲಿಲ್ಲ. ತವರಿಗೆ ಒಯ್ಯಲೆಂದು ಮಾಡಿದ ಉಂಡಿ ನಾವೇ ತಿಂದೆವು.

ಈಗ ಫೋನಿನಲ್ಲಿ ಸುಧಾ ಅಳುತ್ತ ಹೇಳಿದಳು: "ನೀವು ಓದಿದ್ರ ರಸೀದಿ ಬರ್ತೈತಿ, ಬಂದಕೂಡಲೇ ಹೊರಡ್ತೀನಿ ಅಂತ ಪಂಚಮಿ ಹೊತ್ತಿಗೆ ಪಪ್ಪಾ ಕಂಪ್ಯೂಟರ್ ಮುಂದನ ಕೂತಿದ್ರು. 'ತೆರೆದೂ ನೋಡಿಲ್ಲ, ಅಷ್ಟು ಸಿಟ್ಟು ಅಕಿಗೆ' ಅಂದ್ರು."

ನನ್ನ ಮಗಳು ವೈಶಾಲಿ ಇಲ್ಲೇ ಉಪ್ಪಲ್‌ನ ಕಂಪನಿಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಾಳೆ. ಅಂದು ಮನೆಯಲ್ಲೇ ಇದ್ದಳು. ನನ್ನ ಮೊಬೈಲ್ ತಿರುವಿ ನೋಡಿದಳು.

"ಮಾಮಾ ರಸೀದಿ ಕೇಳ್ಯಾರ ಮಮ್ಮಿ. ನಿನ್ನ ಆ್ಯಪ್‌ಗೆ ಕೊಡೋದ ಗೊತ್ತಿಲ್ಲ."

"ಯಾಕ ಗೊತ್ತಿಲ್ಲ?"

"ಕೊಡಲೇಬೇಕಂತ ನಿಯಮ ಇಲ್ಲ. ಕೊಟ್ರ ಕೊಡಬಹುದು, ಬಿಟ್ರ ಬಿಡಬಹುದು. ಕೆಲವು ಸರ್ವರ್ ಅಂತೂ ಆ ಕೋರಿಕೆನ ದಾರ್ಯಾಗ ತಗದು ಒಗಿತಾವ."

"ಕೊಡಂಗಿಲ್ಲ ಅಂತಾದ್ರೂ ಅಣ್ಣಗ ಹೇಳಬಾರದಾಗಿತ್ತೇನು ಅದು?"

"ಯಂತ್ರಕ್ಕ ಬೈತಿ. ನೀವಿಬ್ರೂ ಒಂದು ಫೋನ್ ಹಚ್ಚಬಾರದಾಗಿತ್ತೇನು?"

ಹಿಂದೆ ಇಲ್ಲಿನ ಅಬಿಡ್ಸ್ ಅಂಚೆ ಕಚೇರಿಯಿಂದ ಕಾಗದ ರಿಜಿಸ್ಟರ್ ಮಾಡಿದರೆ ಮುಟ್ಟಿತೆಂದು ಸಹಿಯಾದ ಕಾರ್ಡಾದರೂ ತಿರುಗಿ ಬರುತ್ತಿತ್ತು. ಈಗ ಓದಿದವರದೂ ಮೌನ, ಓದದವರದೂ ಮೌನ. ಎರಡಕ್ಕೂ ಗುರುತು ಒಂದೇ. ದಿನಾ ದೀಪ ಹಚ್ಚಿ ಶಿವನಿಗೆ ಏನೇನೋ ಹೇಳಿಕೊಳ್ಳುತ್ತೇನೆ. ಅವನೂ ಎಂದೂ ರಸೀದಿ ಕೊಟ್ಟಿಲ್ಲ, ಆದರೂ ಅವನು ಕೇಳಿಸಿಕೊಂಡಿಲ್ಲವೆಂದು ನಾನು ಮುನಿಸಿಕೊಂಡವಳಲ್ಲ. ಅಷ್ಟು ನಂಬಿಕೆಯನ್ನು ಒಡಹುಟ್ಟಿದವರ ಮೇಲೆ ಇಡಲು ಮಾತ್ರ ನಮಗಿಬ್ಬರಿಗೂ ಆಗಲಿಲ್ಲ.

ಅಣ್ಣನಿಗೆ ಕಿವಿ ಕೇಳಿಸುತ್ತದಂತೆ. ಜನರ ಗುರುತೂ ಸಿಗುತ್ತದಂತೆ. ಶಿವ ಅಷ್ಟನ್ನು ಉಳಿಸಿದ್ದಾನೆ. ಕಲಬುರಗಿಯೇನು ದೂರವೇ? ನಾಳೆ ಯಾರೂ ಕರೆಯಲು ಬರದೆ ನಾನೇ ಹೋಗಿ, ಮಂಚದ ಪಕ್ಕ ಕೂತು, ಅವನ ಮೇಲನ್ನು ಅವನಿಗೇ ಓದಿ ಹೇಳುತ್ತೇನೆ: "ಮುಟ್ಟೈತಿ ಅಣ್ಣಾ, ಅವತ್ತ ಮುಟ್ಟೈತಿ." ಅವನು ತಲೆಯಾಡಿಸಿದರೆ ಸಂತೋಷ, ಆಡಿಸದಿದ್ದರೂ ಸರಿ, ಅದು ಕಡ್ಡಾಯವೇನಲ್ಲ.

ನಾನಿಲ್ಲದಾಗ ಮನೆಯವರಿಗೆ ರೊಟ್ಟಿಯ ಜೊತೆ ಚಟ್ನಿಪುಡಿಯಾದರೂ ಬೇಕಲ್ಲ. ಎದ್ದು, ಹಿಂಡಿ ಕುಟ್ಟಲು ಶೇಂಗಾ ಹುರಿಯತೊಡಗಿದೆ.