ಗಾಳಿಯಾಡದ ಬೀರು

ನಮ್ಮನೆಯವರು ಬಡಗಿ. ಊರಲ್ಲಿ ಎಲ್ಲರೂ ಅವರನ್ನು ಕೂದಲೆಳೆ ಮೇಸ್ತ್ರಿ ಅಂತಲೇ ಕರೆಯುತ್ತಾರೆ. ಮುಖದೆದುರಿಗೇ ಕರೆಯುತ್ತಾರೆ, ಇವರು ಅದನ್ನು ಬಿರುದು ಅಂದುಕೊಂಡಿದ್ದಾರೆ. ಮುಗಿದ ಕೆಲಸವನ್ನು ಒಪ್ಪಿಸಲು ಹೋದವರು ಇನ್ನೊಂದು ಕೂದಲೆಳೆಯಷ್ಟು ಕೆರೆಯಬೇಕು ಎಂದು ಅದನ್ನು ಹೊತ್ತು ವಾಪಸ್ ತಂದುಬಿಡುತ್ತಾರೆ. ಒಮ್ಮೆ ಒಂದು ಮನೆಗೆ ಬಾಗಿಲು ಕೂರಿಸಲು ಹೋಗಿ ಮೂರು ದಿನ ಅದನ್ನೇ ಕೆರೆದದ್ದಕ್ಕೆ, ಬಾಗಿಲು ಇಲ್ಲದಿದ್ದರೂ ಪರವಾಗಿಲ್ಲ ಮೇಸ್ತ್ರಿ, ನಮ್ಮನ್ನು ಬಿಟ್ಟುಬಿಡಿ ಎಂದು ಆ ಮನೆಯವನು ಕೈಮುಗಿದನಂತೆ. ಇಂಥವರ ಜೊತೆ ಮೂವತ್ತೊಂದು ವರ್ಷ ಬಾಳಿದ್ದೇನೆ. ನನ್ನ ತಾಳ್ಮೆಗೆ ಮಾತ್ರ ಇದುವರೆಗೆ ಯಾರೂ ಬಿರುದು ಕೊಟ್ಟಿಲ್ಲ.

ಅವರು ಎಂಥ ಮನುಷ್ಯ ಎಂದು ಹೇಳಬೇಕಾದರೆ ನಾಣ್ಯದ ಬೀರುವಿನ ವಿಷಯ ಹೇಳಬೇಕು. ಅದರಲ್ಲಿ ನನ್ನ ಪಾಲೂ ಇದೆ. ಮುಚ್ಚಿಡುವುದಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹೆಡ್‌ಮೇಷ್ಟ್ರಿದ್ದಾರೆ, ನಿವೃತ್ತರು. ನಲವತ್ತು ವರ್ಷದಿಂದ ಹಳೆಯ ತಾಮ್ರದ ನಾಣ್ಯಗಳನ್ನು ಕೂಡಿಟ್ಟವರು. ಒಟ್ಟು ನಾನೂರ ಹನ್ನೆರಡು. ಒಂದೊಂದನ್ನೂ ಕಾಗದದ ಪೊಟ್ಟಣದಲ್ಲಿ ಸುತ್ತಿ, ಮೇಲೆ ಸಣ್ಣ ಅಕ್ಷರದಲ್ಲಿ ವಿವರ ಬರೆದು ಬಿಸ್ಕತ್ತಿನ ಡಬ್ಬಗಳಲ್ಲಿ ಇಟ್ಟಿದ್ದರು. ಅವನ್ನು ಇಡಲು ಒಂದು ಬೀರು ಬೇಕೆಂದು ನಮ್ಮ ಹಿತ್ತಲಿನ ಕಾರ್ಖಾನೆಗೆ ತಾವೇ ಬಂದರು. ಬಂದವರು ಬೀರುವಿನ ಮಾತಿಗಿಂತ ನಾಣ್ಯದ ಪಾಠವನ್ನೇ ಹೆಚ್ಚು ಮಾಡಿದರು. ನಾಣ್ಯವನ್ನು ಅಂಚಿನಲ್ಲಿ, ಎರಡೇ ಬೆರಳಲ್ಲಿ ಹಿಡಿಯಬೇಕಂತೆ. ಅದರ ಮೇಲಿನ ಕಂದು ಬಣ್ಣ ಕೊಳೆಯಲ್ಲ, ಅದರ ಚರ್ಮವಂತೆ. ಹೊಳೆಯಲಿ ಎಂದು ಉಜ್ಜಿದರೆ ಮುನ್ನೂರು ವರ್ಷ ಒಂದೇ ಸಲಕ್ಕೆ ಚರಂಡಿ ಸೇರುತ್ತದಂತೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಕಡೆ ತಿರುಗಿ, ನಿಮಗೂ ಹೇಳ್ತಿದೀನಿ ತಾಯಿ ಎಂದರು. ಹೆಂಗಸರೆಲ್ಲ ನಿಂಬೆಹಣ್ಣು ಹಿಡಿದು ಅವರ ನಾಣ್ಯಕ್ಕಾಗಿ ಕಾದಿದ್ದಾರೆ ಎಂದು ಅವರ ನಂಬಿಕೆ.

ಇವರು ಐದು ತಿಂಗಳು ಆ ಬೀರುವಿನಲ್ಲೇ ಮುಳುಗಿದರು. ಹದಿನಾರು ಡ್ರಾಯರ್. ಪ್ರತಿ ನಾಣ್ಯವನ್ನೂ ಅಳೆದು, ಅದಕ್ಕೆ ತಕ್ಕ ಗುಂಡಗಿನ ಗುಳಿ. ತಳಕ್ಕೆ ಹೊಸ ಪ್ಲೈವುಡ್. ಒಳಗೂ ಹೊರಗೂ ಮೂರು ಮೂರು ಕೈ ವಾರ್ನಿಷ್. ಒಳಗೆ ಯಾರು ನೋಡುತ್ತಾರೆ ಎಂದು ನಾನು ಕೇಳಿದರೆ, ಕೈಗೆ ಗೊತ್ತಾಗುತ್ತದೆ ಎಂದರು. ಒಂದು ಡ್ರಾಯರನ್ನು ಒಳಗೆ ತಳ್ಳಿದರೆ, ಗಾಳಿಗೆ ಹೋಗಲು ಸಂದಿಲ್ಲದೆ, ಪಕ್ಕದ ಡ್ರಾಯರ್ ತಾನಾಗಿಯೇ ಒಂದು ಬೆರಳಿನಷ್ಟು ಈಚೆ ಬರುತ್ತಿತ್ತು. ಅದನ್ನು ನೋಡಲು ಜನ ಮೇಷ್ಟ್ರ ಮನೆಗೆ ಹೋದರು. ಮ್ಯೂಸಿಯಮ್ಮಿನ ಅಧಿಕಾರಿಯೂ ಹೋದರು, ನಾಲ್ಕು ಸಲ ತಳ್ಳಿ ನೋಡಿದರು. ಇಂಥವೇ ಹನ್ನೆರಡು ಬೇಕು, ಒಂದು ವರ್ಷ ಬಳಸಿದ ಮೇಲೆ ಮತ್ತೆ ಬಂದು ನೋಡಿ ಕಾಗದಪತ್ರ ಮಾಡುತ್ತೇವೆ ಎಂದರು.

ಹನ್ನೆರಡು ಬೀರು ಎಂದರೆ ಐದು ವರ್ಷದ ಕೆಲಸ. ಇವರ ಬಲಗಣ್ಣು ಆಗಲೇ ಮಂಜಾಗುತ್ತಿತ್ತು. ಎರಡನೆಯದೂ ಅದೇ ದಾರಿ ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಇದೇ ಅವರ ಕೊನೆಯ ದೊಡ್ಡ ಕೆಲಸ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅದು ಅವರಿಗೆ ಸಿಗಲೇಬೇಕು ಎಂದು ನಾನು ಅವರಿಗಿಂತ ಹೆಚ್ಚು ಹಟ ಹಿಡಿದಿದ್ದೆ.

ಹತ್ತು ತಿಂಗಳು ಕಳೆದ ಮೇಲೆ ನಾಣ್ಯಗಳಿಗೆ ಕಿಲುಬು ಬಂತು. ಮೊದಲು ಒಂದೆರಡಕ್ಕೆ, ಆಮೇಲೆ ಇಡೀ ಡ್ರಾಯರಿಗೆ. ತಿಳಿಹಸಿರು ಹಿಟ್ಟು, ಕಡ್ಡಿಯಿಂದ ತೆಗೆದರೆ ಅಡಿಯಲ್ಲಿ ಸಣ್ಣ ಗುಂಡಿ. ಕಿಲುಬು ತಾಮ್ರವನ್ನೇ ತಿನ್ನುತ್ತದೆ, ತಿಂದದ್ದು ಮತ್ತೆ ಬರುವುದಿಲ್ಲ. ಬರಿಗೈಯಲ್ಲಿ ಮುಟ್ಟಿದ್ದರಿಂದ, ಬೆವರಿನ ಉಪ್ಪಿನಿಂದ ಹೀಗಾಗಿದೆ ಎಂದು ಮೇಷ್ಟ್ರು ತೀರ್ಮಾನಿಸಿದರು. ಆ ಮನೆಯಲ್ಲಿ ಅವರನ್ನು ಬಿಟ್ಟರೆ ಬೀರುವಿನ ಹತ್ತಿರ ಹೋಗುತ್ತಿದ್ದವಳು ಕೆಲಸದಾಕೆ ಒಬ್ಬಳೇ. ಎಲ್ಲವನ್ನೂ ಸರಸರ ಮಾಡಿ ಮುಗಿಸುತ್ತಿದ್ದುದರಿಂದ ನಾವೆಲ್ಲ ಅವಳನ್ನು ಸರಸರಮ್ಮ ಎನ್ನುತ್ತಿದ್ದೆವು. ನಾನು ಧೂಳು ಒರೆಸಿದ್ದು ಹೊರಗಡೆ ಮಾತ್ರ, ಒಂದು ನಾಣ್ಯವನ್ನೂ ಮುಟ್ಟಿಲ್ಲ ಎಂದು ಅವಳು ಹೇಳಿದಳಂತೆ. ಮೇಷ್ಟ್ರು ಬೈಯಲಿಲ್ಲ. ಹನ್ನೊಂದು ವರ್ಷ ದುಡಿದವಳಿಗೆ ಮೆತ್ತಗಿನ ದನಿಯಲ್ಲಿ, ನಾಳೆಯಿಂದ ಬರುವುದು ಬೇಡಮ್ಮ ಎಂದರು.

ಬೀದಿಗೆ ಅಷ್ಟು ಸಾಕಾಯಿತು. ಅವಳ ಕೈಗುಣ ಸರಿಯಿಲ್ಲ ಎಂದು ಒಬ್ಬರು ಶುರು ಮಾಡಿದರು. ವಾರದೊಳಗೆ ಇನ್ನೆರಡು ಮನೆಯವರೂ ಅವಳನ್ನು ಬಿಡಿಸಿದರು. ಅಂಗಡಿಯ ಮುಂದೆ ಈ ಮಾತು ನಡೆಯುತ್ತಿದ್ದಾಗ ನಾನೂ ಇದ್ದೆ. ಅವಳ ಅಂಗೈ ಯಾವಾಗಲೂ ಒದ್ದೆ, ನಾನು ಬಲ್ಲೆ ಎಂದು ಸೇರಿಸಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಇವರು ಬೀರುವನ್ನು ನೋಡಿಕೊಂಡು ಬಂದ ದಿನ ಊಟಕ್ಕೆ ಕೂತವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಡ್ರಾಯರ್ ಎಳೆದ್ರೆ ಹುಳಿ ವಾಸನೆ ಹೊಡೆಯುತ್ತೆ ಕಣೇ,” ಎಂದರು.

ವಾರ್ನಿಷ್ ಅಲ್ಲವೇ, ಹೋಗುತ್ತದೆ ಬಿಡಿ ಎಂದೆ.

“ಎಲ್ಲಿಂದ ಹೋಗುತ್ತೆ? ದಾರಿಯೆಲ್ಲ ನಾನೇ ಮುಚ್ಚಿದೀನಲ್ಲ.”

ಪ್ಲೈವುಡ್ಡಿನ ಅಂಟು, ಒಳಗಿನ ವಾರ್ನಿಷ್, ಎರಡರ ಆವಿಯೂ ಹೊರಗೆ ಬರಲಾಗದೆ ನಾಣ್ಯಗಳ ಮೇಲೇ ಕೂತಿರಬಹುದು ಎನ್ನುವುದು ಅವರ ಅನುಮಾನ. ಖಾತ್ರಿ ಇರಲಿಲ್ಲ. ಖಾತ್ರಿಯಿಲ್ಲದೆ ಬಾಯಿ ಬಿಡುವ ಜಾತಿಯೂ ಅವರದಲ್ಲ. ಡ್ರಾಯರ್ ಸ್ವಲ್ಪ ಸರಿಮಾಡಬೇಕು ಎಂದು ನೆಪ ಹೇಳಿ, ನಾಣ್ಯಗಳನ್ನು ಮತ್ತೆ ಬಿಸ್ಕತ್ತಿನ ಡಬ್ಬಕ್ಕೆ ಹಾಕಿಸಿ ಬಂದರು. ಆಮೇಲೆ ಅವರ ಗುರು ಹೇಳಿಕೊಟ್ಟಿದ್ದ ಒಂದು ಪರೀಕ್ಷೆಗೆ ಕೈಹಾಕಿದರು. ತಾಮ್ರದ ತಗಡಿನಿಂದ ನಾಣ್ಯದಷ್ಟೇ ಅಗಲದ ಎರಡು ಬಿಲ್ಲೆ ಕತ್ತರಿಸಿ, ಎರಡನ್ನೂ ಫಳಫಳ ಉಜ್ಜಿದರು. ಎರಡು ಗಾಜಿನ ಬಾಟಲಿಗಳಲ್ಲಿ ಒಂದೊಂದು ಬಿಲ್ಲೆ, ಒಂದೊಂದು ಚೂರು ಒದ್ದೆ ಹತ್ತಿ. ಒಂದು ಬಾಟಲಿಗೆ ಮಾತ್ರ ಬೀರುವಿಗೆ ಹಾಕಿ ಉಳಿದಿದ್ದ ವಾರ್ನಿಷ್ ಹೊಡೆದ ಪ್ಲೈವುಡ್ಡಿನ ತುಂಡು. ಮುಚ್ಚಳ ಬಿಗಿದು, ಒಲೆಯ ಪಕ್ಕದ ಬೆಚ್ಚಗಿನ ಹಲಗೆಯ ಮೇಲೆ ಇಟ್ಟರು. ಮೂವತ್ತು ದಿನ ಯಾರೂ ಮುಟ್ಟಕೂಡದು, ತಾವೂ ನೋಡುವುದಿಲ್ಲ ಎಂದರು. ಯಾರೂ ಅಂದರೆ ಮನೆಯಲ್ಲಿ ಇನ್ಯಾರಿದ್ದಾರೆ, ನಾನೇ. ಮೂವತ್ತನೆಯ ದಿನ ಮಧ್ಯಾಹ್ನವೇ ಮ್ಯೂಸಿಯಮ್ಮಿನವರು ಮೇಷ್ಟ್ರ ಮನೆಗೆ ಬರುವವರಿದ್ದರು.

ಅಡುಗೆಮನೆಯಲ್ಲಿ ಆ ಬಾಟಲಿಗಳ ಜೊತೆ ಇಡೀ ದಿನ ಇರಬೇಕಾದವಳು ನಾನು. ಸೌಟು ತೆಗೆಯಲು ಕೈ ಎತ್ತಿದರೆ ಅವು. ಪಾತ್ರೆ ಇಡಲು ತಿರುಗಿದರೆ ಅವು. ಅವರು ನೋಡುವುದಿಲ್ಲ ಎಂದರು, ನೋಡಲಿಲ್ಲ. ನಾನು ದಿನಕ್ಕೆ ಹತ್ತು ಸಲ ನೋಡಿದೆ.

ಹತ್ತೊಂಬತ್ತನೆಯ ದಿನ ಪ್ಲೈವುಡ್ ಇದ್ದ ಬಾಟಲಿಯ ಬಿಲ್ಲೆಯ ಮೇಲೆ ಸಾಸಿವೆ ಕಾಳಿನಷ್ಟು ಮೂರು ಹಸಿರು ಚುಕ್ಕೆ ಕಂಡವು. ಇವರು ಹಲಗೆ ತರಲು ಮರದ ಡಿಪೋಗೆ ಹೋಗುವವರೆಗೂ ಕಾದೆ. ಹೋದ ಮೇಲೆ ಚಿಲಕ ಹಾಕಿ, ಮುಚ್ಚಳ ತಿರುಗಿಸಿ, ಬಿಲ್ಲೆಯನ್ನು ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಿದೆ. ತೊಳೆದು ಒರೆಸಿ ಇದ್ದ ಹಾಗೆಯೇ ಇಟ್ಟೆ. ಇನ್ನೊಂದು ಬಾಟಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನನಗೆ ಆಗ ನಾಚಿಕೆಯಾಗಲಿಲ್ಲ, ಭಯ ಮಾತ್ರ ಇತ್ತು. ಇಪ್ಪತ್ತೈದನೆಯ ದಿನ ಮತ್ತೆ ಚುಕ್ಕೆ ಬಂತು, ಮತ್ತೆ ಉಜ್ಜಿದೆ. ಅವತ್ತೇ ಸಂಜೆ ಸರಸರಮ್ಮ ಬೀದಿಯಲ್ಲಿ ಎದುರಾದಳು. ನನ್ನನ್ನು ಕಂಡು ಆಚೆ ಬದಿಗೆ ದಾಟಿಕೊಂಡಳು. ಮಾತಾಡಿಸುವ ಕಷ್ಟ ತಪ್ಪಿತಲ್ಲ ಎಂದು ನನಗೆ ಸಮಾಧಾನವಾಯಿತು. ಇಪ್ಪತ್ತೊಂಬತ್ತನೆಯ ದಿನ ಮೂರನೆಯ ಸಲ ಉಜ್ಜಿದೆ.

ಮೂವತ್ತನೆಯ ದಿನ ಬೆಳಿಗ್ಗೆ ಇವರು ಕಿಟಕಿಯ ಬಳಿ ಬಿಳಿ ಕಾಗದ ಹಾಸಿ, ಭೂತಗನ್ನಡಿ ಹಿಡಿದು ಕೂತರು. ಪ್ಲೈವುಡ್ ಇದ್ದ ಬಾಟಲಿಯನ್ನು ಮೊದಲು ತೆರೆದರು. ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಚುಕ್ಕೆಯೂ ಇಲ್ಲ. ತಿಂಗಳಿಂದ ಬಿಗಿದುಕೊಂಡಿದ್ದ ಅವರ ಭುಜ ಇಳಿಯಿತು. ನನ್ನ ಕಡೆ ನೋಡಿ ನಕ್ಕರು. ಗೆದ್ದೆ ಎಂದುಕೊಂಡೆ.

ಆಮೇಲೆ ಎರಡನೆಯ ಬಾಟಲಿ ತೆರೆದು, ಆ ಬಿಲ್ಲೆಯನ್ನು ಇದರ ಪಕ್ಕದಲ್ಲಿ ಇಟ್ಟರು. ಅದಕ್ಕೂ ಚುಕ್ಕೆಯಿರಲಿಲ್ಲ. ಆದರೆ ತಿಂಗಳ ತೇವಕ್ಕೆ ಮಂಕಾಗಿ, ಒಣಗಿದ ಎಲೆಯ ಬಣ್ಣಕ್ಕೆ ತಿರುಗಿತ್ತು. ನಾನು ಉಜ್ಜಿದ್ದು ಅದರ ಪಕ್ಕದಲ್ಲಿ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಎಷ್ಟೇ ಮಂಜಾದ ಕಣ್ಣಿಗೂ ಕಾಣುವಷ್ಟು ವ್ಯತ್ಯಾಸ. ಇವರು ಭೂತಗನ್ನಡಿಯನ್ನು ಕೆಳಗಿಟ್ಟರು.

“ಎಷ್ಟು ಸಲ ಉಜ್ಜಿದೆ?”

“ಮೂರು ಸಲ,” ಎಂದೆ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೂ ಮಾತು ಬರುತ್ತಿತ್ತು. ಬೈಯದಿದ್ದರೂ ಬಂತು. ಯಾರಿಗೆ ಗೊತ್ತಾಗುತ್ತದೆ, ಮುಂದಿನ ಹನ್ನೆರಡಕ್ಕೆ ವಾರ್ನಿಷ್ ಹಾಕದಿದ್ದರಾಯಿತು, ನಿಮ್ಮ ಕಣ್ಣು ಹೋದ ಮೇಲೆ ಯಾರು ಕರೆದು ಕೆಲಸ ಕೊಡುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದೆ. ಅಳು ಬಂತು, ಅದನ್ನೂ ಅತ್ತೆ. ಎಲ್ಲ ಮುಗಿಯುವವರೆಗೂ ಅವರು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದರು.

“ಮೂರು ಸಲ ಉಜ್ಜಿದ್ರೂ ಮೂರು ಸಲ ಬಂತಲ್ಲ,” ಎಂದರು. “ನಾನು ಎಂಥದನ್ನ ಮಾಡಿಟ್ಟಿದೀನಿ ನೋಡು.”

ಎದ್ದು ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡರು. ಬಾಟಲಿಗಳನ್ನು ಚೀಲಕ್ಕೆ ಹಾಕಿದರು.

“ಮೇಷ್ಟ್ರ ಮನೇಲಿ ನಾನು ಹೇಳ್ತೀನಿ. ಅವಳ ಮನೆಗೆ ನೀನು ಹೋಗು.”

ನೀವೂ ಬನ್ನಿ, ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಗೋಗರೆದೆ.

“ಉಜ್ಜಿದ್ದು ನಾನಲ್ಲ,” ಎಂದು ಚಪ್ಪಲಿ ಮೆಟ್ಟಿದರು.

ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಮ್ಯೂಸಿಯಮ್ಮಿನವರು ಎಲ್ಲ ಕೇಳಿಕೊಂಡು, ಇಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಸ್ತ್ರಿ ಎಂದು ಕೈಕುಲುಕಿ, ಕಾಗದಪತ್ರವನ್ನು ಬ್ಯಾಗಿನಿಂದ ಹೊರಗೇ ತೆಗೆಯದೆ ಹೊರಟರು. ಮೇಷ್ಟ್ರು, ಆ ಹೆಣ್ಣುಮಗಳಿಗೆ ನಾನು ಯಾವ ಮುಖ ತೋರಿಸಲಿ ಎಂದರಂತೆ. ಆಮೇಲೆ ಇಬ್ಬರೂ ಸೇರಿ ಕಿಲುಬು ಹಿಡಿದ ನಾಣ್ಯಗಳನ್ನು ಬೇರೆ ಮಾಡಿ, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿದರು. ಮೂವತ್ತೇಳು ನಾಣ್ಯಗಳ ಅಚ್ಚು ಪೂರ್ತಿ ಅಳಿಸಿಹೋಗಿತ್ತು.

ನಾನು ಸರಸರಮ್ಮನ ಮನೆಗೆ ಹೋದೆ. ಹಿಂದಿನ ಓಣಿ, ನಾಲ್ಕನೆಯ ಬಾಗಿಲು. ಇನ್ನೂರು ಹೆಜ್ಜೆಯೂ ಇಲ್ಲ, ಎರಡು ಸಲ ಅರ್ಧದಿಂದ ವಾಪಸ್ ಬಂದೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ರೀತಿ ಜೋಡಿಸಿಕೊಂಡೆ. ಕದ ತಟ್ಟಿದಾಗ ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಬಾಗಿಲು ತೆರೆದವಳು ನನ್ನನ್ನು ಕಂಡದ್ದೇ ತಡ, ನೀರು ಸುರಿಯುತ್ತಿದ್ದ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಒಂದು ನಿಮಿಷ ಅಕ್ಕ, ಒರೆಸ್ಕೊಂಡು ಬರ್ತೀನಿ,” ಎಂದಳು.

ಅವಳು ಒರೆಸಿಕೊಂಡು ಬರುವವರೆಗೂ ಹೊಸ್ತಿಲಲ್ಲೇ ನಿಂತಿದ್ದೆ. ಬಂದವಳ ಎರಡೂ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ. ಹನ್ನೊಂದು ವರ್ಷದಿಂದ ಗೊತ್ತಿದ್ದವಳ ಕೈಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಅಂಗೈ ಒಣಗಿ, ಬಿರುಕು ಬಿಟ್ಟು, ಉಪ್ಪುಕಾಗದದಂತೆ ಒರಟಾಗಿತ್ತು.